ಉಂಗುರದ ಅಳತೆ

ಚಿನ್ನದ ತೂಕವನ್ನು ತಿಳಿಯಲು ತಕ್ಕಡಿಯುಂಟು. ಅದರ ಬಣ್ಣವನ್ನು ತಿಳಿಯಲು ಒರೆಗಲ್ಲುಂಟು. ಆದರೆ ಆ ಚಿನ್ನದಿಂದ ಮಾಡಿದ ಉಂಗುರವು ಇನ್ನೊಬ್ಬರ ಬೆರಳಿಗೆ ಸರಿಹೊಂದುವುದೋ ಇಲ್ಲವೋ ಎಂಬುದನ್ನು ತಿಳಿಯಲು ತಕ್ಕಡಿಯೂ ಸಾಲದು, ಒರೆಗಲ್ಲೂ ಸಾಲದು; ಆ ಬೆರಳೇ ಬೇಕು. ಬೆರಳಿನ ಒಡೆಯರು ದೂರದ ಊರಿನಲ್ಲಿದ್ದರೆ, ಅಥವಾ ಹತ್ತಿರದಲ್ಲಿಯೇ ಇದ್ದರೂ ಅವರಿಗೆ ತಿಳಿಯದಂತೆ ಕಾಣಿಕೆಯನ್ನು ಸಿದ್ಧಪಡಿಸಬೇಕೆಂಬ ಆಸೆ ನಮಗಿದ್ದರೆ, ಆ ಅಳತೆಯನ್ನು ಪಡೆಯುವುದು ಹೇಗೆ? ಮಗಳ ಮದುವೆಗೆ ವರನ ಉಂಗುರವನ್ನು ಮಾಡಿಸಲು ಹೊರಟ ತಂದೆಯಿಂದ ಹಿಡಿದು, ಹೆಂಡತಿಗೆ ಮೊದಲ ಸಂಬಳದಲ್ಲಿ ಉಂಗುರವನ್ನು ತರಬೇಕೆಂದಿರುವ ಯುವಕನವರೆಗೆ ಎಲ್ಲರೂ ಈ ತೊಡಕಿಗೆ ಒಮ್ಮೆಯಾದರೂ ಸಿಕ್ಕಿದವರೇ.

ಇದು ಅಕ್ಕಸಾಲಿಗನ ಅಂಗಡಿಯಲ್ಲಿ ಮುಗಿಯಬೇಕಾದ ಮಾತಲ್ಲವೆ, ಇದಕ್ಕೂ ಇತಿಹಾಸಕ್ಕೂ ಏನು ಸಂಬಂಧ ಎಂದು ಕೇಳುವವರು ಆಕ್ಷೇಪಿಸಬಹುದು. ಆದರೆ ಸಣ್ಣ ವಸ್ತುಗಳ ಇತಿಹಾಸವು ಸಣ್ಣದಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಉಂಗುರವು ಬೆರಳಿಗೆ ತುಸು ದೊಡ್ಡದಾದುದರಿಂದ ಒಬ್ಬ ಮಹಾಮಂತ್ರಿಯ ಸಂಕಲ್ಪವೆಲ್ಲ ಮುರಿದುಬಿದ್ದ ಕಥೆಯನ್ನು ನಮ್ಮ ದೇಶದ ನಾಟಕಕಾರನೊಬ್ಬನು ಬರೆದಿಟ್ಟಿದ್ದಾನೆ. ಉಂಗುರವು ಬೆರಳಿಗೆ ತುಸು ಚಿಕ್ಕದಾದುದರಿಂದ ಒಬ್ಬ ರಾಣಿಯು ತನ್ನ ಪಟ್ಟಾಭಿಷೇಕದ ದಿನ ನೋವುಂಡದ್ದು ಕಥೆಯಲ್ಲ, ನಡೆದ ಸಂಗತಿ. ಈ ಎರಡರ ನಡುವೆ, ಮನುಷ್ಯನು ಇನ್ನೊಬ್ಬನ ಬೆರಳನ್ನು ಅರಿಯಲು ಪಟ್ಟ ಪಾಡಿನ ಚರಿತ್ರೆಯಿದೆ. ಅದನ್ನೇ ಇಂದು ಸ್ವಲ್ಪಮಟ್ಟಿಗೆ ವಿಚಾರಮಾಡಬೇಕೆಂದು ನಮ್ಮ ಉದ್ದೇಶ.

ಮೊದಲು ಬೆರಳಿನ ಮಾತು. ನಮ್ಮ ಪ್ರಾಚೀನರು ಲೋಕವನ್ನೆಲ್ಲ ಬೆರಳಿನಿಂದ ಅಳೆದವರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, ೧೯೦೯ರಲ್ಲಿ ಅವರಿಂದ ಅಚ್ಚಾಗಿ ಬಂದ ಕೌಟಿಲೀಯ ಅರ್ಥಶಾಸ್ತ್ರವು ಈ ಅಳತೆಯ ಕ್ರಮವನ್ನು ವಿವರವಾಗಿ ಹೇಳುತ್ತದೆ. ಎಂಟು ಜವೆಗೋದಿಯ ಕಾಳುಗಳ ನಡುವಿನ ಅಗಲವು ಒಂದು ಅಂಗುಲ; ಇಲ್ಲವೆ ಮಧ್ಯಮ ಪ್ರಮಾಣದ ಪುರುಷನ ನಡುಬೆರಳಿನ ನಡುಭಾಗದ ಅಗಲವೇ ಒಂದು ಅಂಗುಲ. ಇಂಥ ೧೨ ಅಂಗುಲಗಳಿಗೆ ಒಂದು ಗೇಣು, ೨೪ ಅಂಗುಲಗಳಿಗೆ ಒಂದು ಮೊಳ. ಕೋಟೆ, ಕಂದಕ, ಹೊಲ, ದಾರಿ ಎಲ್ಲವೂ ಹೀಗೆ ಬೆರಳಿನ ಲೆಕ್ಕಕ್ಕೆ ಬಂದವು.

ಇಲ್ಲಿ ಗಮನಿಸಬೇಕಾದುದೊಂದಿದೆ. ರಾಜ್ಯವನ್ನು ಅಳೆಯುವ ಬೆರಳು ಯಾರದೂ ಅಲ್ಲ. ಅದು ಮಧ್ಯಮ ಪುರುಷನೆಂಬ, ಎಲ್ಲಿಯೂ ಇಲ್ಲದ, ಎಲ್ಲರಿಗೂ ಒಪ್ಪಿಗೆಯಾದ ಒಬ್ಬನ ಬೆರಳು. ರಾಜ್ಯಕ್ಕೆ ಅಂಥ ಅಳತೆಯೇ ಸಾಕು, ಅಂಥದೇ ಬೇಕು. ಉಂಗುರಕ್ಕಾದರೋ ಆ ಮಧ್ಯಮ ಪುರುಷನಿಂದ ಏನೂ ಪ್ರಯೋಜನವಿಲ್ಲ. ಅದಕ್ಕೆ ಇಂಥವರ, ಇಂಥ ಕೈಯ, ಇಂಥ ಬೆರಳೇ ಬೇಕು. ಬೆರಳಿನಿಂದ ಭೂಮಿಯನ್ನು ಅಳೆದ ಜನಕ್ಕೆ ಬೆರಳನ್ನೇ ಅಳೆಯುವ ಕೆಲಸ ಬಂದಾಗ ಕಷ್ಟವಾದುದು ಇದರಿಂದಲೇ.

ಈ ಕಷ್ಟವನ್ನು ತಪ್ಪಿಸಿಕೊಳ್ಳುವ ಉಪಾಯಗಳೂ ನಮ್ಮಲ್ಲಿ ಇಲ್ಲದಿಲ್ಲ. ವೈದಿಕಕರ್ಮದಲ್ಲಿ ಬಲಗೈಯ ಉಂಗುರಬೆರಳಿಗೆ ಹಾಕಿಕೊಳ್ಳುವ ದರ್ಭೆಯ ಪವಿತ್ರವನ್ನು ನೋಡಿರಿ. ಹುಲ್ಲಿನ ಎಸಳನ್ನು ಬಳಸಿ ಕಟ್ಟಿದ ಅದು ಬೆರಳಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ; ಕರ್ಮ ಮುಗಿದೊಡನೆ ಅದನ್ನು ಬಿಚ್ಚಿಹಾಕುತ್ತಾರೆ. ಅದಕ್ಕೆ ಅಳತೆಯ ಗೊಡವೆಯಿಲ್ಲ. ನಮ್ಮ ಹೆಣ್ಣುಮಕ್ಕಳ ಬೆಳ್ಳಿಯ ಕಾಲುಂಗುರವನ್ನೂ ಎಷ್ಟೋ ವೇಳೆ ತುದಿಗಳನ್ನು ಬೆಸೆಯದೆ ಬಿಟ್ಟೇ ಮಾಡುವುದುಂಟು. ಬಿಗಿಯಾದರೆ ಅಗಲಿಸಬಹುದು, ಸಡಿಲವಾದರೆ ಒತ್ತಬಹುದು. ಆದರೆ ಕೈಬೆರಳಿನ ಚಿನ್ನದ ಉಂಗುರವು ಬೆಸೆದ ಬಳೆ. ಅದು ಹುಲ್ಲಿನಂತೆ ಬಳುಕದು.

ಸಂಸ್ಕೃತದಲ್ಲಿ ಕಿರುಬೆರಳಿನ ಪಕ್ಕದ ಬೆರಳಿಗೆ ಅನಾಮಿಕೆಯೆಂದು ಹೆಸರು, ಎಂದರೆ ಹೆಸರಿಲ್ಲದುದು. ಕನ್ನಡವಾದರೋ ಅದಕ್ಕೆ ಉಂಗುರಬೆರಳೆಂದು ಹೆಸರಿಟ್ಟು ಆ ಕೊರತೆಯನ್ನು ನೀಗಿಸಿತು. ಉಂಗುರಕ್ಕೆ ಈ ಬೆರಳೇ ಏಕೆ ಎಂಬ ಪ್ರಶ್ನೆ ಪಶ್ಚಿಮದೇಶದಲ್ಲಿಯೂ ಎದ್ದಿತ್ತು. ಕ್ರಿಸ್ತಶಕದ ಎರಡನೆಯ ಶತಮಾನದ ರೋಮನ್ ಲೇಖಕ ಆಲಸ್ ಗೆಲ್ಲಿಯಸನು, ಈ ಬೆರಳಿನಿಂದ ಹೃದಯಕ್ಕೆ ನೇರವಾಗಿ ಹೋಗುವ ಸೂಕ್ಷ್ಮವಾದ ನರವೊಂದುಂಟೆಂಬ ಈಜಿಪ್ಟ್ ದೇಶದವರ ನಂಬಿಕೆಯನ್ನು ಬರೆದಿಟ್ಟಿದ್ದಾನೆ. ಅಂಥ ವಿಶೇಷವಾದ ನರವಿಲ್ಲವೆಂದು ಶರೀರಶಾಸ್ತ್ರವು ಹೇಳುತ್ತದೆ. ನರವಿಲ್ಲದಿದ್ದರೂ ನಂಬಿಕೆ ಉಳಿಯಿತು. ಬೆರಳು ಯಾವುದು ಎಂಬ ಈ ಪ್ರಶ್ನೆ ಮುಂದೆ ಎಂಥ ಫಜೀತಿಗೆ ಕಾರಣವಾಯಿತೆಂಬುದನ್ನು ಆಮೇಲೆ ಕಾಣುವೆವು.

ಪ್ರಾಚೀನಕಾಲದಲ್ಲಿ ಉಂಗುರವು ಕೇವಲ ಒಡವೆಯಾಗಿರಲಿಲ್ಲ. ಅದರ ಮುಖದಲ್ಲಿ ಹೆಸರನ್ನು ಕೆತ್ತಿ, ಅರಗಿನ ಮೇಲೆ ಒತ್ತಿದರೆ ಅದೇ ಒಡೆಯನ ಅಪ್ಪಣೆ. ಮುದ್ರೆಯಿಲ್ಲದ ಪತ್ರಕ್ಕೆ ಬೆಲೆಯಿಲ್ಲ. ಮುದ್ರೆಯಿರುವ ಪತ್ರವನ್ನು ಪ್ರಶ್ನಿಸುವಂತಿಲ್ಲ. ಮುದ್ರೆಗಾಗಿಯೇ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನನ್ನು ಕೌಟಿಲ್ಯನು ನೇಮಿಸುತ್ತಾನೆ. ನಾಡಿನೊಳಕ್ಕೆ ಬರುವವರೂ ನಾಡಿನಿಂದ ಹೊರಡುವವರೂ ಒಂದು ಮಾಷವನ್ನು ತೆತ್ತು ಅವನಿಂದ ಮುದ್ರೆಯನ್ನು ಪಡೆಯತಕ್ಕದ್ದು. ಹೀಗಿರಲು ಮುದ್ರೆಯುಂಗುರವು ಒಬ್ಬನ ಬೆರಳಿನಿಂದ ಇನ್ನೊಬ್ಬರ ಬೆರಳಿಗೆ ಹೋಯಿತೆಂದರೆ ಅಧಿಕಾರವೇ ಹೋದಂತೆ. ಆದರೆ ಅಧಿಕಾರವನ್ನು ಕೈಯಿಂದ ಕೈಗೆ ದಾಟಿಸಬಹುದೇ ಹೊರತು ಬೆರಳಿನ ಸುತ್ತಳತೆಯನ್ನು ದಾಟಿಸಲಾಗುವುದಿಲ್ಲ. ಈ ಸೂಕ್ಷ್ಮವನ್ನು ಹಿಡಿದವನು ವಿಶಾಖದತ್ತ.

ಅವನ ಮುದ್ರಾರಾಕ್ಷಸ ನಾಟಕದ ಹೆಸರಿನಲ್ಲಿಯೇ ಮುದ್ರೆಯಿದೆ. ನಮ್ಮ ಕನ್ನಡಕ್ಕೆ ಈ ವಸ್ತುವು ೧೮೨೩ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕೆಂಪುನಾರಾಯಣ ಕವಿಯ ಮುದ್ರಾಮಂಜೂಷವೆಂಬ ಗದ್ಯಗ್ರಂಥವಾಗಿ ಬಂದಿತು. ಕಥೆಯ ತಿರುಳು ಹೀಗಿದೆ. ಚಾಣಕ್ಯನು ನಂದರನ್ನು ನಿರ್ಮೂಲಮಾಡಿ ಚಂದ್ರಗುಪ್ತನನ್ನು ಪಾಟಲೀಪುತ್ರದ ಸಿಂಹಾಸನದಲ್ಲಿ ಕೂರಿಸಿದ್ದಾನೆ. ನಂದರ ಮಂತ್ರಿಯಾದ ರಾಕ್ಷಸನು ಸ್ವಾಮಿಭಕ್ತಿಯನ್ನು ಬಿಡದೆ, ಪಟ್ಟಣವನ್ನು ತ್ಯಜಿಸಿ, ಮಲಯಕೇತುವಿನೊಡನೆ ಸೇರಿ ಹೋರಾಟವನ್ನು ಮುಂದುವರಿಸಿದ್ದಾನೆ. ಹೊರಡುವಾಗ ಹೆಂಡತಿಮಕ್ಕಳನ್ನು ತನ್ನ ಪ್ರಾಣಸ್ನೇಹಿತನಾದ ಚಂದನದಾಸನೆಂಬ ರತ್ನವರ್ತಕನ ಮನೆಯಲ್ಲಿ ಗುಟ್ಟಾಗಿ ಬಿಟ್ಟು ಹೋಗಿದ್ದಾನೆ. ಅಗಲಿಕೆಯ ಹೊತ್ತಿನಲ್ಲಿ ಅವನ ಹೆಂಡತಿಯು, ವಿರಹದಲ್ಲಿ ಮನಸ್ಸಿಗೆ ಒಂದು ಸಮಾಧಾನವಿರಲೆಂದು, ಗಂಡನ ಕೈಯಿಂದ ಉಂಗುರವನ್ನು ತೆಗೆದಿಟ್ಟುಕೊಂಡಿದ್ದಾಳೆ. ಅದು ಅವನ ಹೆಸರನ್ನು ಕೆತ್ತಿದ ಮುದ್ರೆಯುಂಗುರ. ಅವಳಿಗೆ ಅದು ಮಂತ್ರಿಪದವಿಯ ಗುರುತಲ್ಲ, ಗಂಡನ ಗುರುತು. ಅದನ್ನು ತನ್ನ ಬೆರಳಿಗೆ ಹಾಕಿಕೊಂಡಿದ್ದಾಳೆ.

ಒಂದು ದಿನ ಯಮಪಟವನ್ನು ತೋರಿಸುತ್ತ ಹಾಡಿ ಬೇಡುವವನೊಬ್ಬನು ಚಂದನದಾಸನ ಮನೆಯನ್ನು ಹೊಗುತ್ತಾನೆ. ಅವನು ಚಾಣಕ್ಯನ ಗೂಢಚಾರನಾದ ನಿಪುಣಕ. ಹಾಡನ್ನು ಕೇಳಿ ಐದು ವರ್ಷದ ಒಬ್ಬ ಹುಡುಗನು ಕುತೂಹಲದಿಂದ ಒಳಮನೆಯಿಂದ ಹೊರಗೆ ಓಡಿಬರುತ್ತಾನೆ. ಮಗುವು ಹೊರಗೆ ಹೋಯಿತೆಂದು ಒಳಗೆ ಹೆಂಗಸರ ಗದ್ದಲವೇಳುತ್ತದೆ. ಒಬ್ಬ ಹೆಂಗಸು ಬಾಗಿಲಿನಿಂದ ಸ್ವಲ್ಪವೇ ಮುಖವನ್ನು ಹೊರಗಿಟ್ಟು, ಹುಡುಗನನ್ನು ಗದರಿಸಿ, ಕೈಚಾಚಿ ಒಳಕ್ಕೆ ಎಳೆದುಕೊಳ್ಳುತ್ತಾಳೆ. ಆ ಗಾಬರಿಯಲ್ಲಿ ಅವಳ ಬೆರಳಿನಿಂದ ಉಂಗುರವು ಜಾರಿ, ಹೊಸ್ತಿಲ ಬಳಿ ಬಿದ್ದು, ಉರುಳಿಕೊಂಡು ಬಂದು ಗೂಢಚಾರನ ಪಾದದ ಹತ್ತಿರ ನಿಲ್ಲುತ್ತದೆ. ಅವಳಿಗೆ ಅದರ ಅರಿವೇ ಇಲ್ಲ.

ಉಂಗುರವು ಏತಕ್ಕೆ ಜಾರಿತು? ವಿಶಾಖದತ್ತನು ಇದನ್ನು ವಿಧಿಯ ಆಟವೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಗೂಢಚಾರನ ಬಾಯಿಂದಲೇ ಸ್ಪಷ್ಟವಾದ ಕಾರಣವನ್ನು ಹೇಳಿಸುತ್ತಾನೆ: ಆ ಉಂಗುರವನ್ನು ಮಾಡಿದ್ದು ಗಂಡಸಿನ ಬೆರಳಿನ ಸುತ್ತಳತೆಗೆ. ಹೆಂಗಸಿನ ಬೆರಳಿನಲ್ಲಿ ಅದು ನಿಲ್ಲಲಿಲ್ಲ. ಇಷ್ಟೇ. ಆಮೇಲೆ ನಡೆದುದೆಲ್ಲ ಇದರ ಫಲ. ಉಂಗುರವು ಕೈಸೇರಿದಾಗ ರಾಕ್ಷಸನೇ ತನ್ನ ಬೆರಳಿಗೆ ವಶನಾದಂತಾಯಿತೆಂದು ಚಾಣಕ್ಯನು ಹಿಗ್ಗುತ್ತಾನೆ. ರಾಕ್ಷಸನ ಮಿತ್ರನಾದ ಶಕಟದಾಸನ ಕೈಯಿಂದಲೇ, ಅವನಿಗೆ ಗುಟ್ಟು ತಿಳಿಯದಂತೆ, ಮೇಲುವಿಳಾಸವಿಲ್ಲದ ಪತ್ರವೊಂದನ್ನು ಬರೆಯಿಸಿ, ಈ ಉಂಗುರದಿಂದ ಅದಕ್ಕೆ ಮುದ್ರೆಯೊತ್ತಿಸುತ್ತಾನೆ. ಆ ಪತ್ರವು ಸಮಯ ನೋಡಿ ಮಲಯಕೇತುವಿನ ಕೈಗೆ ಬೀಳುತ್ತದೆ. ಅಕ್ಷರ ಮಿತ್ರನದು, ಮುದ್ರೆ ರಾಕ್ಷಸನದು, ಇನ್ನು ಸಂದೇಹವೆಲ್ಲಿ? ಮಲಯಕೇತುವು ರಾಕ್ಷಸನನ್ನು ದ್ರೋಹಿಯೆಂದು ದೂರಮಾಡುತ್ತಾನೆ. ಕೊನೆಗೆ, ತನ್ನ ಸಂಸಾರಕ್ಕೆ ಆಶ್ರಯವಿತ್ತ ಚಂದನದಾಸನು ವಧ್ಯಸ್ಥಾನಕ್ಕೆ ಹೋಗುವುದನ್ನು ಕಂಡು, ಸ್ನೇಹಿತನ ಪ್ರಾಣವನ್ನುಳಿಸುವುದಕ್ಕಾಗಿ ರಾಕ್ಷಸನು ಶರಣಾಗಿ, ಚಂದ್ರಗುಪ್ತನ ಮಂತ್ರಿಪದವಿಯನ್ನು ಒಪ್ಪಿಕೊಳ್ಳುತ್ತಾನೆ.

ನಮ್ಮ ಮನೆಗಳಲ್ಲಿ ಹಿರಿಯರ ಉಂಗುರವು ಕಿರಿಯರಿಗೆ ಸಡಿಲವಾದರೆ ಅದರ ಒಳಬದಿಗೆ ನಾಲ್ಕು ಸುತ್ತು ದಾರವನ್ನು ಸುತ್ತಿ ಹಾಕಿಕೊಳ್ಳುವ ವಾಡಿಕೆಯಿದೆ. ರಾಕ್ಷಸನ ಹೆಂಡತಿಯು ಆ ದಾರವನ್ನು ಸುತ್ತಿದ್ದರೆ ವಿಶಾಖದತ್ತನಿಗೆ ಬೇರೆ ನಾಟಕವನ್ನೇ ಬರೆಯಬೇಕಾಗುತ್ತಿತ್ತು! ಇದು ನಗೆಯ ಮಾತಾದರೂ ಒಳಗೆ ನೋವುಂಟು. ಅವಳಲ್ಲಿ ತಪ್ಪೇನಿದೆ? ಬೆರಳಿಗೆ ಹೊಂದದ ಉಂಗುರವೆಂದು ಅವಳಿಗೆ ತಿಳಿಯದೆ ಇತ್ತೆ? ತಿಳಿದೇ ಹಾಕಿಕೊಂಡಳು. ಅವಳಿಗೆ ಬೇಕಾಗಿದ್ದುದು ತನ್ನ ಬೆರಳಿಗೆ ಸರಿಯಾದ ಉಂಗುರವಲ್ಲ, ಗಂಡನ ಬೆರಳಿನಲ್ಲಿದ್ದ ಉಂಗುರ. ಉಂಗುರದೊಳಗೆ ಉಳಿದ ಆ ತೆರವೇ ಅವನ ಬೆರಳಿನ ನೆನಪು. ಆ ತೆರವಿನಲ್ಲಿಯೇ ಚಾಣಕ್ಯನ ನೀತಿ ನುಗ್ಗಿತು.

ಕಾಳಿದಾಸನ ಶಕುಂತಲೆಯ ಉಂಗುರವೂ ಇದೇ ಜಾತಿಯದು. ಅದೂ ಗಂಡಸಿನ ಹೆಸರನ್ನು ಕೆತ್ತಿದ ಉಂಗುರ. ಅದನ್ನು ದುಷ್ಯಂತನು ತಾನೇ ಶಕುಂತಲೆಯ ಬೆರಳಿಗೆ ತೊಡಿಸಿ, ದಿನಕ್ಕೊಂದರಂತೆ ತನ್ನ ಹೆಸರಿನ ಅಕ್ಷರಗಳನ್ನು ಎಣಿಸೆಂದು ಹೇಳಿ ಹೋದನು. ಎಣಿಕೆ ಮುಗಿಯಿತು, ಕರೆ ಬರಲಿಲ್ಲ. ಶಕ್ರಾವತಾರದ ಶಚೀತೀರ್ಥದಲ್ಲಿ ನೀರಿಗೆ ವಂದಿಸುತ್ತಿರುವಾಗ ಉಂಗುರವು ಜಾರಿಹೋಯಿತು. ಬೆಸ್ತನೊಬ್ಬನಿಗೆ ಮೀನಿನ ಹೊಟ್ಟೆಯಲ್ಲಿ ಸಿಕ್ಕಿತು. ಜಾರಿದುದಕ್ಕೆ ಕಾಳಿದಾಸನು ಕೊಡುವ ಕಾರಣ ದುರ್ವಾಸರ ಶಾಪ. ಆದರೆ ಒಡಲು ಬಡವಾದರೆ ಒಡವೆ ಸಡಿಲವಾಗುವುದೆಂಬುದು ಆ ಕವಿಗೆ ಚೆನ್ನಾಗಿ ತಿಳಿದಿತ್ತು. ಅದೇ ನಾಟಕದ ಮೂರನೆಯ ಅಂಕದಲ್ಲಿ ದುಷ್ಯಂತನು ವಿರಹದಿಂದ ಕೃಶನಾಗಿ, ಮುಂಗೈಯಿಂದ ಮತ್ತೆ ಮತ್ತೆ ಜಾರುವ ಚಿನ್ನದ ಕಡಗವನ್ನು ಮತ್ತೆ ಮತ್ತೆ ಮೇಲಕ್ಕೆ ಸರಿಸಿಕೊಳ್ಳುತ್ತಾನೆ. ಮೇಘದೂತದ ಯಕ್ಷನ ಕೈಯಿಂದಲೂ ಕಡಗ ಜಾರಿಬಿದ್ದಿದೆ. ಅರಸನ ಕಡಗವೇ ಜಾರಿದಾಗ, ಅರಸನ ಉಂಗುರವನ್ನು ತೊಟ್ಟ ಆಶ್ರಮಕನ್ಯೆಯ ಬೆರಳಿನ ಗತಿಯೇನು? ಶಾಪಕ್ಕೆ ಬೆರಳಿನ ನೆರವೂ ದೊರೆಯಿತೆಂದು ನಾವು ಊಹಿಸಿದರೆ ಕವಿಗೆ ಅಪಚಾರವಾಗದು.

ಮಹಾಭಾರತದ ಶಾಕುಂತಲೋಪಾಖ್ಯಾನದಲ್ಲಿ ಈ ಉಂಗುರವಿಲ್ಲವೆಂಬುದು ವಿದ್ಯಾವಂತರಿಗೆ ತಿಳಿದ ವಿಷಯ. ಅಲ್ಲಿ ಸತ್ಯವನ್ನು ಸಾರುವುದು ಆಕಾಶವಾಣಿ. ಬೌದ್ಧರ ಕಟ್ಠಹಾರಿ ಜಾತಕದಲ್ಲಿ ಮಾತ್ರ ಉಂಗುರವುಂಟು. ಕಾಡಿನಲ್ಲಿ ಸೌದೆಯಾಯುತ್ತಿದ್ದ ಹೆಂಗಸಿಗೆ ರಾಜನು ತನ್ನ ಉಂಗುರವನ್ನು ಕೊಟ್ಟು, ಹೆಣ್ಣು ಹುಟ್ಟಿದರೆ ಇದನ್ನು ಮಾರಿ ಸಾಕು, ಗಂಡು ಹುಟ್ಟಿದರೆ ಉಂಗುರದೊಡನೆ ಕರೆದು ತಾ ಎನ್ನುತ್ತಾನೆ. ಅವಳು ಉಂಗುರವನ್ನು ಕಳೆದುಕೊಳ್ಳುವುದಿಲ್ಲ; ಮಗನೊಡನೆ ತಂದು ತೋರಿಸುತ್ತಾಳೆ. ರಾಜನು ಗುರುತು ಸಿಕ್ಕಿದರೂ ಸಭೆಗೆ ನಾಚಿ, ಇದು ತನ್ನದಲ್ಲವೆಂದುಬಿಡುತ್ತಾನೆ. ಉಂಗುರವು ಕೈಯಲ್ಲಿದ್ದ ಮಾತ್ರಕ್ಕೆ ನ್ಯಾಯ ದೊರೆಯುವುದೆಂಬ ಭರವಸೆ ಏನೂ ಇಲ್ಲವೆಂಬುದನ್ನು ಹಳೆಯ ಕಥೆಯು ಹೀಗೆ ನಿಷ್ಠುರವಾಗಿ ಹೇಳಿತು.

ಇನ್ನು ರಾಮನ ಉಂಗುರ. ವಾಲ್ಮೀಕಿಯಲ್ಲಿ ಅದು ರಾಮನ ಹೆಸರನ್ನುಳ್ಳ ಗುರುತು. ಸೀತೆಯು ಅದನ್ನು ಕಂಡು ಗಂಡನನ್ನೇ ಕಂಡಂತೆ ಸಂತೋಷಪಡುತ್ತಾಳೆ. ಬೆರಳಿನ ಅಳತೆಯ ಪ್ರಸ್ತಾಪ ಅಲ್ಲಿಲ್ಲ. ಅದನ್ನು ತಂದವನು ಹನುಮನ್ನಾಟಕದ ಕವಿ. ಸೀತೆಯು ಉಂಗುರವನ್ನೇ ಕುರಿತು ರಾಮಲಕ್ಷ್ಮಣರು ಕ್ಷೇಮವೇ ಎಂದು ಕೇಳುತ್ತಾಳೆ. ಅದು ಮಾತನಾಡುವುದಿಲ್ಲ. ಆಗ ಹನುಮಂತನು, ತಾಯೇ, ಅದನ್ನು ಈಗ ಬೇರೆ ಹೆಸರಿನಿಂದ ಕರೆಯಬೇಕು. ನಿನ್ನನ್ನು ಅಗಲಿದಂದಿನಿಂದ ರಾಮನು ಬಹುಕಾಲ ಅದಕ್ಕೆ ಕಂಕಣದ ಪದವಿಯನ್ನು ಕೊಟ್ಟಿದ್ದಾನೆ ಎಂಬರ್ಥದ ಸಮಾಧಾನವನ್ನು ಹೇಳುತ್ತಾನೆ. ಬೆರಳಿನ ಉಂಗುರವು ಮುಂಗೈಗೆ ಬಳೆಯಾಗುವಷ್ಟು ರಾಮನು ಸೊರಗಿದ್ದಾನೆ! ಅತಿಶಯೋಕ್ತಿಯೇನೋ ಹೌದು. ಆದರೆ ಒಬ್ಬನ ದುಃಖವನ್ನು ಇನ್ನೊಬ್ಬರಿಗೆ ಅಳೆದು ತೋರಿಸಲು ಇದಕ್ಕಿಂತ ಸುಲಭವಾದ ಅಳತೆಗೋಲು ಸಿಕ್ಕುವುದು ದುರ್ಲಭ.

ಇವೆಲ್ಲ ಕವಿಗಳ ಕಲ್ಪನೆ, ಚರಿತ್ರೆಯಲ್ಲಿ ಹೀಗೆಲ್ಲ ನಡೆದೀತೆ ಎನ್ನುವವರಿಗೆ ೧೮೩೮ನೆಯ ಇಸವಿ ಜೂನ್ ೨೮ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ನಡೆದುದನ್ನು ನೆನಪಿಗೆ ತರಬಹುದು. ಅಂದು ೧೯ ವರ್ಷದ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕ. ಕಿರೀಟದಂತೆ ಉಂಗುರವೂ ಆ ವಿಧಿಯ ಒಂದು ಮುಖ್ಯವಾದ ಅಂಗ. ಉಂಗುರವನ್ನು ಅರಮನೆಯ ಒಡವೆಗಾರರು ರಾಣಿಗೆಂದೇ ಹೊಸದಾಗಿ ಮಾಡಿದ್ದರು. ಇಲ್ಲಿ ಬೇರೆಯವರ ಉಂಗುರವೆಂಬ ತೊಂದರೆಯಿಲ್ಲ, ಚಿನ್ನಕ್ಕೆ ಕೊರತೆಯಿಲ್ಲ, ಕುಶಲರಾದ ಕೆಲಸಗಾರರಿಗೆ ಬಡತನವಿಲ್ಲ. ಆದರೂ ಅಳತೆ ಕೆಟ್ಟಿತು. ಕೆಟ್ಟದ್ದು ಹೇಗೆಂದರೆ, ವಿಧಿಪುಸ್ತಕವು ಹೇಳಿದ್ದು ನಾಲ್ಕನೆಯ ಬೆರಳು, ಎಂದರೆ ನಮ್ಮ ಉಂಗುರಬೆರಳು. ಒಡವೆಗಾರರು ಮಾಡಿದ್ದು ಕಿರುಬೆರಳಿಗೆ.

ಚಾರ್ಲ್ಸ್ ಗ್ರೆವಿಲ್ ಎಂಬ ರಾಜಕಾರ್ಯಸಭೆಯ ಅಧಿಕಾರಿಯು ತನ್ನ ದಿನಚರಿಯಲ್ಲಿ ಈ ಪ್ರಸಂಗವನ್ನು ಬರೆದಿದ್ದಾನೆ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರು ಉಂಗುರವನ್ನು ಹಿಡಿದು ಬಂದಾಗ ರಾಣಿಯು ಕಿರುಬೆರಳನ್ನು ಚಾಚಿದಳು. ಅವರು, ಅದಲ್ಲ, ಅದರ ಪಕ್ಕದ ಬೆರಳು ಎಂದರು. ಇದು ಚಿಕ್ಕದು, ಆ ಬೆರಳಿಗೆ ಹಿಡಿಸದು ಎಂದು ರಾಣಿ ತಿಳಿಸಿದಳು. ಅಲ್ಲಿಯೇ ಹಾಕುವುದು ಕ್ರಮವೆಂದು ಅವರು ಹಟಹಿಡಿದರು. ರಾಣಿಯು ಒಪ್ಪಿ, ಬೆರಳಿನಲ್ಲಿದ್ದ ಇತರ ಉಂಗುರಗಳನ್ನು ತೆಗೆದಳು. ಈ ಉಂಗುರವನ್ನು ಬಲವಂತವಾಗಿ ಅದುಮಿ ಹಾಕಿದ್ದಾಯಿತು. ಸಮಾರಂಭ ಮುಗಿದಮೇಲೆ ಅದನ್ನು ತೆಗೆಯಲು ಮಂಜುಗಡ್ಡೆಯ ನೀರಿನಲ್ಲಿ ಬೆರಳನ್ನು ಅದ್ದಿಡಬೇಕಾಯಿತು. ರಾಣಿಯೂ ಅಂದಿನ ದಿನಚರಿಯಲ್ಲಿ, ಆರ್ಚ್‌ಬಿಷಪ್ಪರು ಉಂಗುರವನ್ನು ತಪ್ಪು ಬೆರಳಿಗೆ ಹಾಕಿದರೆಂದೂ, ತೆಗೆಯುವಾಗ ತನಗೆ ಬಹಳ ನೋವಾಯಿತೆಂದೂ ಬರೆದುಕೊಂಡಿದ್ದಾಳೆ.

ಈ ಪ್ರಸಂಗದಲ್ಲಿ ಯಾರನ್ನು ತಪ್ಪಿತಸ್ಥರೆನ್ನೋಣ? ಒಡವೆಗಾರರ ಅಳತೆ ಕಿರುಬೆರಳಿಗೆ ಸರಿಯಾಗಿಯೇ ಇತ್ತು. ಆರ್ಚ್‌ಬಿಷಪ್ಪರ ಬಳಿ ಗ್ರಂಥದ ಆಧಾರವಿತ್ತು. ಆದರೆ ಬೆರಳು ಯಾರದೋ ಆ ಒಬ್ಬಳು ಹೇಳಿದ ಮಾತಿಗೆ ಅಲ್ಲಿ ಬೆಲೆ ದೊರೆಯಲಿಲ್ಲ. ಅಂದಿನಿಂದ ಒಂದು ದೊಡ್ಡ ಸಾಮ್ರಾಜ್ಯಕ್ಕೆ ಅಪ್ಪಣೆಕೊಡಬೇಕಾಗಿದ್ದವಳು ತನ್ನ ಬೆರಳಿನ ವಿಷಯದಲ್ಲಿ ತನ್ನ ಮಾತನ್ನು ನಡೆಸಿಕೊಳ್ಳಲಾರದೆ ಹೋದಳು. ಅಳತೆಯೆಂದರೆ ಅಂಕಿ ಮಾತ್ರವಲ್ಲ. ಯಾವ ಕೈ, ಯಾವ ಬೆರಳು ಎಂಬ ನಿಶ್ಚಯವೂ ಅಳತೆಯ ಭಾಗವೇ ಎಂಬ ಪಾಠವನ್ನು ಈ ಸಂಗತಿಯಿಂದ ಕಲಿಯಬಹುದು.

ಬೆರಳೊಂದೇ ಆದರೂ ಅದು ಸದಾ ಒಂದೇ ಪ್ರಮಾಣದಲ್ಲಿ ನಿಲ್ಲುವುದಿಲ್ಲವೆಂಬುದು ಇನ್ನೊಂದು ತೊಡಕು. ಚಳಿಯಲ್ಲಿ ಬೆರಳು ಕುಗ್ಗುತ್ತದೆ, ಸೆಕೆಯಲ್ಲಿ ಉಬ್ಬುತ್ತದೆ. ಇದನ್ನು ರೋಮಿನ ಸಿರಿವಂತರು ಬೇರೊಂದು ಬಗೆಯಿಂದ ಕಂಡಿದ್ದರು. ವಿಡಂಬನಕವಿ ಜುವೆನಲನು ತನ್ನ ಮೊದಲನೆಯ ಕವನದಲ್ಲಿ ಕ್ರಿಸ್ಪಿನಸ್ ಎಂಬ ಹೊಸ ಶ್ರೀಮಂತನನ್ನು ಹಾಸ್ಯಮಾಡುತ್ತಾನೆ: ಬೆವರುವ ಬೆರಳುಗಳಿಗೆ ಅವನು ಬೇಸಗೆಯ ಹಗುರವಾದ ಉಂಗುರವನ್ನು ತೊಟ್ಟು ಗಾಳಿಗೆ ಆಡಿಸುತ್ತಾನಂತೆ, ದೊಡ್ಡ ಹರಳಿನ ಭಾರವನ್ನು ಆ ಬೆರಳು ತಾಳಲಾರದಂತೆ. ಋತುವಿಗೊಂದು ಉಂಗುರವನ್ನು ಮಾಡಿಸಲಾರದ ನಮ್ಮಂಥವರು ಒಂದೇ ಉಂಗುರದಲ್ಲಿ ಬೇಸಗೆ ಚಳಿಗಾಲಗಳೆರಡನ್ನೂ ಕಳೆಯಬೇಕಾದುದರಿಂದ, ಅಳತೆಯನ್ನು ಯಾವ ಹೊತ್ತಿನಲ್ಲಿ ತೆಗೆಯಬೇಕೆಂಬುದು ಮುಖ್ಯವಾಗುತ್ತದೆ. ತಣ್ಣನೆಯ ಮುಂಜಾನೆಯಲ್ಲಾಗಲಿ, ಬಿಸಿಲಿನಲ್ಲಿ ನಡೆದು ಬಂದೊಡನೆಯೇ ಆಗಲಿ ತೆಗೆದ ಅಳತೆಯನ್ನು ನಂಬಬಾರದು.

ಅಕ್ಕಸಾಲಿಗನು ಎದುರಿಗೆ ಕುಳಿತವರ ಬೆರಳನ್ನೇ ನೋಡಿ ಕೆಲಸಮಾಡುತ್ತಿದ್ದ ಕಾಲದಲ್ಲಿ ಅಂಕಿಯ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. ನೂಲೊಂದನ್ನು ಬೆರಳಿಗೆ ಸುತ್ತಿದರೆ ಸಾಕು. ಯಂತ್ರಗಳು ಬಂದು, ಒಂದೂರಿನಲ್ಲಿ ಮಾಡಿದ ಉಂಗುರವು ಇನ್ನೊಂದೂರಿನ ಅಂಗಡಿಯಲ್ಲಿ ಮಾರಾಟವಾಗತೊಡಗಿದಾಗ, ಮಾಡುವವನೂ ತೊಡುವವರೂ ಒಬ್ಬರನ್ನೊಬ್ಬರು ಕಾಣದಾದರು. ಆಗ ಇಬ್ಬರಿಗೂ ನಡುವೆ ನಿಲ್ಲಲು ಅಂಕಿ ಬೇಕಾಯಿತು. ಇಂಗ್ಲೆಂಡಿನವರು ಅಕ್ಷರಮಾಲೆಯನ್ನು ಹಿಡಿದರು. ಅಲ್ಲಿ ಈಗ ಒಂದಕ್ಷರಕ್ಕೂ ಮುಂದಿನ ಅಕ್ಷರಕ್ಕೂ ಸುತ್ತಳತೆಯಲ್ಲಿ ೧.೨೫ ಮಿಲಿಮೀಟರು ವ್ಯತ್ಯಾಸ. ಅಮೆರಿಕದವರು ಅಂಕಿಗಳನ್ನು ಹಿಡಿದರು. ಅಲ್ಲಿ ಒಂದಂಕಿಗೂ ಮುಂದಿನದಕ್ಕೂ ವ್ಯಾಸದಲ್ಲಿ ಒಂದು ಅಂಗುಲದ ಸಾವಿರದಲ್ಲಿ ೩೨ ಭಾಗ, ಎಂದರೆ ಸುಮಾರು ೦.೮ ಮಿಲಿಮೀಟರು ವ್ಯತ್ಯಾಸ. ೧೯೮೬ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಈ ಗೊಂದಲವನ್ನು ಬಿಡಿಸಲು ಸರಳವಾದ ನಿಯಮವೊಂದನ್ನು ಪ್ರಕಟಿಸಿತು. ೨೦೧೬ರಲ್ಲಿ ಅದನ್ನು ಪರಿಷ್ಕರಿಸಿತು. ಅದರಂತೆ ಉಂಗುರದ ಒಳಸುತ್ತು ಎಷ್ಟು ಮಿಲಿಮೀಟರೋ ಅದೇ ಅದರ ಅಳತೆ. ಒಳಸುತ್ತು ೫೪ ಮಿಲಿಮೀಟರಾದರೆ ಅಳತೆ ೫೪; ಆಗ ವ್ಯಾಸವು ಸುಮಾರು ೧೭.೨ ಮಿಲಿಮೀಟರು. ಮಧ್ಯಮ ಪುರುಷನ ಬೆರಳಿನಿಂದ ಹೊರಟ ಮಾನವನು ಕೊನೆಗೆ ಇಂಥವರ ಬೆರಳಿಗೂ ಒಂದು ಅಂಕಿಯನ್ನು ಕೊಡುವಲ್ಲಿಗೆ ಬಂದನು.

ಈ ಅಂಕಿಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವ್ಯಾಸದಲ್ಲಿ ಒಂದು ಮಿಲಿಮೀಟರಿಗಿಂತ ಕಡಮೆಯಾದ ಅಂತರವೇ ಬಿಗಿಗೂ ಸಡಿಲಕ್ಕೂ ನಡುವಣ ಗಡಿ. ಇಂಥ ಕಡೆಯಲ್ಲಿ ಕಣ್ಣಳತೆಯನ್ನು ನಂಬುವುದು ಸಾಹಸವೇ ಸರಿ. ಇನ್ನೊಬ್ಬರಿಗೆ ಉಂಗುರವನ್ನು ಮಾಡಿಸಬೇಕೆನ್ನುವವರಿಗೆ ಅತ್ಯುತ್ತಮವಾದ ಆಧಾರವೆಂದರೆ ಅವರು ಅದೇ ಕೈಯ ಅದೇ ಬೆರಳಿಗೆ ಹಾಕಿಕೊಳ್ಳುವ ಇನ್ನೊಂದು ಉಂಗುರ. ಅದನ್ನು ಅಕ್ಕಸಾಲಿಗನಿಗೆ ತೋರಿಸಿದರೆ, ಮೊನೆಯ ಕಡೆಗೆ ಸಣ್ಣಗಾಗುತ್ತ ಹೋಗುವ, ಗೆರೆಹಾಕಿದ ಕೋಲಿಗೆ ಅದನ್ನು ತೊಡಿಸಿ ಅವನು ಅಳತೆಯನ್ನು ಹೇಳಿಬಿಡುತ್ತಾನೆ. ಉಂಗುರವನ್ನು ಒಯ್ಯುವಂತಿಲ್ಲದಿದ್ದರೆ ಕಾಗದದ ಮೇಲಿಟ್ಟು ಒಳಗಿನ ವೃತ್ತವನ್ನು ಸಣ್ಣ ಮೊನೆಯ ಸೀಸದ ಕಡ್ಡಿಯಿಂದ ಬರೆದುಕೊಳ್ಳಬಹುದು. ನೂಲು ಎಳೆದಂತೆ ಹಿಗ್ಗುವುದರಿಂದ, ಬೆರಳನ್ನೇ ಅಳೆಯುವಾಗ ಕಾಗದದ ಕಿರಿದಾದ ಪಟ್ಟಿಯೇ ಮೇಲು. ಉಂಗುರವು ಬೆರಳಿನ ಬುಡದಲ್ಲಿ ನಿಲ್ಲುವುದಾದರೂ ಗೆಣ್ಣನ್ನು ದಾಟಿಯೇ ಅಲ್ಲಿಗೆ ಹೋಗಬೇಕು. ಆದಕಾರಣ ಬುಡವನ್ನೂ ಗೆಣ್ಣನ್ನೂ ಎರಡನ್ನೂ ನೋಡಿ ನಡುವಣ ಅಳತೆಯನ್ನು ಹಿಡಿಯಬೇಕು. ಪಟ್ಟಿ ಅಗಲವಾದಷ್ಟೂ ಉಂಗುರವು ಬಿಗಿಯೆನಿಸುವುದರಿಂದ ಅದಕ್ಕೆ ಸ್ವಲ್ಪ ಹೆಚ್ಚು ಸುತ್ತನ್ನು ಕೊಡಬೇಕು. ಎಡಗೈ ಬಲಗೈಗಳ ಬೆರಳುಗಳೂ ಒಂದೇ ಸಮವಲ್ಲ. ಇಷ್ಟು ಮಾಡಿಯೂ ತಪ್ಪಿದರೆ ಎದೆಗುಂದಬೇಕಾಗಿಲ್ಲ. ಹರಳಿಲ್ಲದ ಸಾದಾ ಚಿನ್ನದ ಉಂಗುರವನ್ನು ಕತ್ತರಿಸಿ ಬೆಸೆದು ಕಿರಿದುಮಾಡಬಹುದು, ತುಂಡು ಸೇರಿಸಿ ಹಿರಿದುಮಾಡಬಹುದು. ಸುತ್ತಲೂ ಹರಳು ಕೂರಿಸಿದ ಉಂಗುರಕ್ಕೆ ಮಾತ್ರ ಈ ಸೌಲಭ್ಯ ಕಡಮೆ. ಅಂಥದನ್ನು ಮಾಡಿಸುವ ಮೊದಲೇ ಎಚ್ಚರವಿರತಕ್ಕದ್ದು.

ಇಷ್ಟೆಲ್ಲ ಉಪಾಯಗಳನ್ನು ಹೇಳಿದಮೇಲೆಯೂ ಎಲ್ಲಕ್ಕಿಂತ ಸುಲಭವಾದುದೊಂದು ಉಳಿದಿದೆ, ಅದು ಕೇಳುವುದು. ತಿಳಿಯದಂತೆ ಕೊಟ್ಟು ಬೆರಗುಗೊಳಿಸಬೇಕೆಂಬ ಸಂತೋಷವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೇಲೆ ಹೇಳಿದ ಸಂಗತಿಗಳೆಲ್ಲ ಒಂದೇ ಕಡೆಗೆ ಕೈತೋರಿಸುತ್ತವೆ. ದುಷ್ಯಂತನು ತನ್ನ ಹೆಸರಿನ ಉಂಗುರವನ್ನು ಶಕುಂತಲೆಗೆ ತೊಡಿಸಿದ್ದೇ ಸಾಕೆಂದುಕೊಂಡನು. ಆರ್ಚ್‌ಬಿಷಪ್ಪರಿಗೆ ವಿಧಿಯೇ ಸಾಕಾಯಿತು. ಕೊಡುವವರ ಪ್ರೀತಿ, ಅಧಿಕಾರ, ಶಾಸ್ತ್ರ, ಇವುಗಳಲ್ಲಿ ಯಾವುದೂ ತೊಡುವವರ ಬೆರಳನ್ನು ಒಂದು ಕೂದಲೆಳೆಯಷ್ಟೂ ಹಿಗ್ಗಿಸಲಾರದು, ಕುಗ್ಗಿಸಲಾರದು. ಉಂಗುರವೇ ಬೆರಳಿಗೆ ಹೊಂದಿಕೊಳ್ಳಬೇಕಲ್ಲದೆ ಬೆರಳು ಉಂಗುರಕ್ಕೆ ಹೊಂದಿಕೊಳ್ಳುವುದು ಸಾಧ್ಯವಿಲ್ಲ.

ವರ್ಷಗಳು ಕಳೆದಂತೆ ಸರಿಯಾದ ಉಂಗುರವೂ ಒಮ್ಮೆ ಬಿಗಿಯಾಗುತ್ತದೆ, ಮತ್ತೊಮ್ಮೆ ಸಡಿಲವಾಗುತ್ತದೆ. ಬಸುರಿನಲ್ಲಿ ಬೆರಳು ಉಬ್ಬುವುದುಂಟು, ಕಾಯಿಲೆಯಲ್ಲಿ ಸೊರಗುವುದುಂಟು, ಮುಪ್ಪಿನಲ್ಲಿ ಗೆಣ್ಣು ದಪ್ಪವಾಗಿ ಉಂಗುರವು ಹಿಂದಕ್ಕೆ ಬಾರದಂತಾಗುವುದುಂಟು. ಆದುದರಿಂದ ಒಮ್ಮೆ ತೆಗೆದ ಅಳತೆಯು ಎಂದೆಂದಿಗೂ ಸಾಕೆಂದು ಯಾರೂ ತಿಳಿಯಬಾರದು. ಉಂಗುರವನ್ನು ಕೊಟ್ಟವರು ಆಗಾಗ ಆ ಕೈಯನ್ನು ಹಿಡಿದು ನೋಡುತ್ತಿರಬೇಕು; ಬಿಗಿಯಾಯಿತೆ, ಸಡಿಲವಾಯಿತೆ ಎಂದು ವಿಚಾರಿಸುತ್ತಿರಬೇಕು. ಬಿಗಿಯಾಗಿದ್ದರೆ ಅಕ್ಕಸಾಲಿಗನುಂಟು, ಸಡಿಲವಾಗಿದ್ದರೆ, ಅವನ ಅಂಗಡಿಗೆ ಹೋಗುವವರೆಗೆ, ನಾಲ್ಕು ಸುತ್ತು ದಾರವುಂಟು.